ಲಾಗು ಸುಮ್ಮನಿತ್ತು, ನಾನೂ ಸುಮ್ಮನಿದ್ದೆ

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳಾಯ್ತು. ಕಾರಣ ಮಾಮೂಲಿ, ಕೆಲಸ. ಅದರಲ್ಲೂ ಹೋದ ವಾರದ್ದು ಇಲ್ಲಿ ಹೇಳಿಕೊಂಡರೇ ಸಮಾಧಾನ.

ನಮ್ಮ ಆಫೀಸಿನಲ್ಲಿ ಅಪಾಚೆ ನೈಫೈ ಬಳಸ್ತೀವಿ. ಒಂದು ಕಡೆಯಿಂದ ಫೈಲು ಬರುತ್ತೆ, ಪ್ರೊಸೆಸರ್ ಅನ್ನೋ ಘಟಕಗಳು ಅದನ್ನ ಸೋಸಿ, ತಿದ್ದಿ ಮುಂದೆ ಕಳಿಸುತ್ತವೆ. ಇರೋ ಪ್ರೊಸೆಸರ್ ಸಾಲದಿದ್ದರೆ ಜಾವಾದಲ್ಲಿ ನಾವೇ ಬರ್ಕೋಬಹುದು. ಹಾಗೆ ನಾನು ಬರೆದದ್ದು, ಫೈಲಿನಲ್ಲಿರೋ ದಿನಾಂಕಗಳನ್ನ ಓದುವ ಪ್ರೊಸೆಸರ್. ಯೂನಿಟ್ ಟೆಸ್ಟುಗಳೆಲ್ಲ ಹಸಿರು. ನಾನೂ ಹಾಯಾಗಿದ್ದೆ.

ಒಂದು ಬೆಳಿಗ್ಗೆ ಫೋನು. "ಒಂದು ತಾಲ್ಲೂಕಿನ ಮಾಹಿತಿ ಎರಡು ದಿನದಿಂದ ಬಂದೇ ಇಲ್ವಲ್ಲ?" ನೋಡಿದರೆ ಆ ಫೈಲುಗಳೆಲ್ಲ 'ಫೇಲ್ಯೂರ್' ದಾರಿ ಹಿಡಿದಿವೆ. ಆ ದಾರಿಗೆ ಆಟೋ ಟರ್ಮಿನೇಟ್ ಅಂತ ಟಿಕ್ ಹಾಕಿದ್ದು ಸಾಕ್ಷಾತ್ ನಾನೇ! ಅಂದರೆ ನೇರ ಕಸದಬುಟ್ಟಿಗೆ. ತಪ್ಪಾದಾಗ ಲಾಗ್ ಬರೆಯೋ ಸಾಲು ಇತ್ತು, ಆದರೆ ಡಿಬಗ್ ಮಟ್ಟದಲ್ಲಿ. ಸರ್ವರಿನಲ್ಲಿ ಅದು ಕಾಣೋದೇ ಇಲ್ಲ.

ಕಳಿಸಿದವರ ಹತ್ತಿರ ಮೂಲ ಪ್ರತಿ ಇದ್ದದ್ದು ಪುಣ್ಯ. ಒಂದು ಫೈಲು ತರಿಸಿ, ಟೆಸ್ಟ್ ರನ್ನರ್‌ಗೆ ಕೊಟ್ಟು ಓಡಿಸಿದೆ. ಟೆಸ್ಟು ಕೆಂಪಾಯ್ತು. ಆದರೆ ಯಾಕೆ? ಕನ್ಸೋಲಿನಲ್ಲಿ ಒಂದಕ್ಷರ ಇಲ್ಲ. ರಾತ್ರಿ ಹನ್ನೊಂದರವರೆಗೂ ಕೋಡನ್ನೇ ಬೈದೆ.

ಆಮೇಲೆ ಕಣ್ಣಿಗೆ ಬಿತ್ತು, ತಿಂಗಳುಗಟ್ಟಲೆ ದಿನಾ ನೋಡಿಯೂ ಓದದ ಮೊದಲ ಎರಡು ಸಾಲು. ಎಸ್‌ಎಲ್‌ಎಫ್‌ಫೋರ್‌ಜೆ ಹೇಳ್ತಾ ಇತ್ತು: ಲಾಗ್ ಬರೆಯೋರು ಯಾರೂ ಸಿಗಲಿಲ್ಲ, ಏನೂ ಮಾಡದ ಲಾಗರ್ ಇಟ್ಕೊಂಡಿದ್ದೀನಿ ಅಂತ. ಟೆಸ್ಟಿಗೆ ಮಾತ್ರ ಅಂತ ಎಸ್‌ಎಲ್‌ಎಫ್‌ಫೋರ್‌ಜೆ-ಸಿಂಪಲ್ ಸೇರಿಸಿದೆ. ಆಗಲೂ ಮೌನ! ಅದು ಸುಮ್ಮನೆ ಬಿಟ್ಟರೆ ಇನ್ಫೋ ಮತ್ತು ಅದರ ಮೇಲಿನದನ್ನಷ್ಟೇ ತೋರಿಸೋದು. ಟೆಸ್ಟ್ ರಿಸೋರ್ಸಸ್ ಫೋಲ್ಡರಿನಲ್ಲಿ ಸಿಂಪಲ್‌ಲಾಗರ್ ಪ್ರಾಪರ್ಟೀಸ್ ಫೈಲಿಟ್ಟು, ಮಟ್ಟವನ್ನ ಡಿಬಗ್‌ಗೆ ಇಳಿಸಿದ ಮೇಲೆ ಬಾಯಿ ಬಿಡ್ತು.

"೦೫-೦೩-೨೦೨೪" ಅನ್ನೋದನ್ನ ಓದೋಕಾಗಲಿಲ್ಲ, ಅಂತ.

ಯಾರೋ ಚಂದವಾಗಿ ಕನ್ನಡ ಅಂಕಿಯಲ್ಲೇ ದಿನಾಂಕ ತುಂಬಿದ್ದರು. ಜಾವಾದ ಇಂಟಿಜರ್ ಓದುವ ಮೆಥಡ್ಡಿಗೆ ಕನ್ನಡ ಅಂಕಿ ಗೊತ್ತು, ದಿನಾಂಕ ಓದುವ ಫಾರ್ಮ್ಯಾಟರ್‌ಗೆ ಸೊನ್ನೆ '೦' ಅಂತ ನಾವೇ ಹೇಳಿಕೊಡಬೇಕು. ನಾನು ಹೇಳಿರಲಿಲ್ಲ. ನನ್ನ ಟೆಸ್ಟುಗಳಲ್ಲಿ ಇದ್ದದ್ದೆಲ್ಲ ಇಂಗ್ಲಿಷ್ ಅಂಕಿಗಳೇ. ಇಲ್ಲಿ ಕೂತು ಯೂನಿಕೋಡ್ ಕನ್ನಡ ಅಂತ ಉದ್ದುದ್ದ ಬರೆಯೋ ನಾನು, ಅಲ್ಲಿ ಕನ್ನಡ ಬರೆದವರ ಫೈಲನ್ನೇ ಕಸಕ್ಕೆ ಹಾಕಿದ್ದೆ. ನಾಚಿಕೆ ಆಯ್ತು.

ಸರಿಪಡಿಸಿದ್ದು ಮೂರು. ಕನ್ನಡ ಅಂಕಿಗೊಂದು ಟೆಸ್ಟು. ಡಿಬಗ್ ಇದ್ದಲ್ಲಿ ಎರರ್. ಮತ್ತೆ, ತಪ್ಪು ದಿನಾಂಕ ಬಂದರೆ ಲಾಗಿನಲ್ಲಿ ಎರರ್ ಬಂತಾ ಅಂತ ಕೇಳುವ ಇನ್ನೊಂದು ಟೆಸ್ಟು. ತಮಾಷೆ ಅಂದರೆ, ನೈಫೈನ ಅಣಕು ಲಾಗರ್ ಎಲ್ಲ ಸಂದೇಶಗಳನ್ನೂ ಪಟ್ಟಿ ಮಾಡಿ ಇಟ್ಟುಕೊಂಡಿರುತ್ತೆ, ಕನ್ಸೋಲು ಸುಮ್ಮನಿದ್ದರೂ. ಆ ಮೊದಲ ರಾತ್ರಿಯೂ ಉತ್ತರ ಅಲ್ಲೇ ಇತ್ತು, ನಾನು ಕೇಳಿರಲಿಲ್ಲ ಅಷ್ಟೆ.

ಲಾಗು ಸುಮ್ಮನಿದೆ ಅಂದರೆ ಎಲ್ಲಾ ಸರಿ ಇದೆ ಅಂತಲ್ಲ. ನಿಮ್ಮ ಕನ್ಸೋಲಿನ ಮೊದಲ ಎರಡು ಸಾಲು ಏನು ಹೇಳ್ತಿದೆ? ಒಮ್ಮೆ ಓದಿ ನೋಡಿ :)