ಹಿಡಕಲ್ ಜಲಾಶಯದ ದಡದಲ್ಲಿ ಒಂದು ಶೀಗಿ ಹುಣ್ಣಿಮೆ

ಚಿಂಚಲಿ ಎಂದೊಡನೆ ಓದುಗರಿಗೆ ಮೊದಲು ನೆನಪಾಗುವುದು ಮಾಯಕ್ಕದೇವಿಯ ಗುಡಿ ಮತ್ತು ಮಾಘ ಮಾಸದ ಜಾತ್ರೆ. ಆ ದಿನಗಳಲ್ಲಿ ಮಹಾರಾಷ್ಟ್ರದ ಹಳ್ಳಿಗಳಿಂದ ಎತ್ತಿನ ಗಾಡಿಗಳು ಸಾಲುಗಟ್ಟಿ ಬರುತ್ತವೆ. ಭಂಡಾರದಿಂದ ಊರೆಲ್ಲ ಹಳದಿಯಾಗುತ್ತದೆ. ಜಾತ್ರೆಯಿಲ್ಲದ ಕಾಲದಲ್ಲಿ ನಮ್ಮೂರು ಕಬ್ಬಿನ ಹೊಲಗಳ ನಡುವೆ ತನ್ನ ಪಾಡಿಗೆ ತಾನಿರುವ ಊರು. ರಾಯಬಾಗ ತಾಲ್ಲೂಕಿನ ಅನೇಕ ಹೊಲಗಳಿಗೆ ಕಾಲುವೆಯ ನೀರು ಬರುವುದು ಘಟಪ್ರಭೆಯ ಹಿಡಕಲ್ ಜಲಾಶಯದಿಂದ. ಆ ನೀರನ್ನು ವರ್ಷವೂ ಉಣ್ಣುವ ನಾವು ಅದರ ಮೂಲವನ್ನು ನೋಡಲು ಹೋದವರಲ್ಲ. ಕಳೆದ ಆಶ್ವೀಜದ ಶೀಗಿ ಹುಣ್ಣಿಮೆಯಂದು ಆ ಯೋಗ ಕೂಡಿಬಂತು. ಅದಕ್ಕೆ ಕಾರಣರಾದವರು ನಮ್ಮ ಮನೆಯಲ್ಲಿಯೇ ಇರುವ ಸೋದರತ್ತೆಯವರು.

ಅತ್ತೆಯವರ ಗಂಡನ ಮನೆಯಿದ್ದ ಊರು ಇಂದು ಭೂಮಿಯ ಮೇಲಿಲ್ಲ. ಎಪ್ಪತ್ತರ ದಶಕದಲ್ಲಿ ಜಲಾಶಯ ತುಂಬತೊಡಗಿದಾಗ ಮನೆ, ಹೊಲ, ಭಾವಿ, ಎಲ್ಲವೂ ನೀರಿನ ಪಾಲಾದವು. ಪರಿಹಾರದ ಹಣದಿಂದ ಮಾವನವರು ನಮ್ಮ ಕಡೆ ಎರಡೆಕರೆ ಹೊಲ ಕೊಂಡರು. ಆ ಹೊಲಕ್ಕೆ ಕಾಲುವೆಯ ಸೌಕರ್ಯವಿತ್ತು. ಹಳೆಯ ಹೊಲವನ್ನು ಮುಳುಗಿಸಿದ ನೀರೇ ಹೊಸ ಹೊಲಕ್ಕೆ ಹರಿದು ಬಂತು. ಅತ್ತೆಯವರು ಇದನ್ನು ಹೇಳಿ ನಗುತ್ತಿದ್ದರೇ ಹೊರತು, ಯಾರು ಎಷ್ಟು ಕರೆದರೂ ಆ ಆಣೆಕಟ್ಟಿನತ್ತ ಹೋಗಲು ಒಪ್ಪಿರಲಿಲ್ಲ. ಎಂಬತ್ತು ಸಮೀಪಿಸಿದ ಮೇಲೆ ಒಂದು ದಿನ ತಾವಾಗಿಯೇ, “ಈ ಸಲ ಶೀಗಿ ಹುಣ್ಣಿವಿ ಚರಗ ನಮ್ಮ ಹಳೇ ಹೊಲಕ್ಕ ಚೆಲ್ಲೂಣು” ಎಂದರು. ನೀರಿನ ತಳದಲ್ಲಿರುವ ಹೊಲಕ್ಕೆ ಚರಗ ಚೆಲ್ಲುವುದು ಹೇಗೆಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಹಬ್ಬದ ನಸುಕಿನಲ್ಲಿಯೇ ಮನೆಯ ಹೆಣ್ಣುಮಕ್ಕಳು ಸಜ್ಜೆಯ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ, ಎಣ್ಣೆಗಾಯಿ, ಮೊಸರನ್ನಗಳನ್ನು ಬುತ್ತಿ ಕಟ್ಟಿದರು. ಚಿಂಚಲಿಯ ನಿಲ್ದಾಣದಲ್ಲಿ ರೈಲು ಹತ್ತಿದೆವು. ರಾಯಬಾಗ, ಚಿಕ್ಕೋಡಿ ರೋಡ ದಾಟಿ ಘಟಪ್ರಭಾ ನಿಲ್ದಾಣದಲ್ಲಿ ಇಳಿದೆವು. ಸಮೀಪದ ಧೂಪದಾಳದಲ್ಲಿ 1897ರಲ್ಲಿ ಮುಗಿದ ಬ್ರಿಟಿಷರ ಕಾಲದ ಒಡ್ಡು ಇದೆ. ಅದರ ಹಿನ್ನೀರಿನಲ್ಲಿ ಪಕ್ಷಿಧಾಮವಿದೆ. ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳೂ ಕ್ರೌಂಚಗಳೂ ಅಲ್ಲಿಗೆ ಬರುತ್ತವೆ. ನಾವು ಹೋದಾಗ ಅವು ಇನ್ನೂ ಬಂದಿರಲಿಲ್ಲ. ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ಬಾಡಿಗೆಯ ವಾಹನ ಮಾಡಿಕೊಂಡು ಹಿಡಕಲ್ಲಿನ ಹಾದಿ ಹಿಡಿದೆವು.

ಹುಕ್ಕೇರಿ ತಾಲ್ಲೂಕಿನ ಈ ಆಣೆಕಟ್ಟಿಗೆ ರಾಜಾ ಲಖಮಗೌಡರ ಹೆಸರಿಟ್ಟಿರುವುದು ನಮ್ಮ ಸಮಾಜದ ಮನೆಗಳಿಗೆ ಅಭಿಮಾನದ ಸಂಗತಿ. ವಂಟಮುರಿಯ ಈ ಸರದೇಸಾಯರ ಹೆಸರಿನ ಕಾನೂನು ಮಹಾವಿದ್ಯಾಲಯ ಬೆಳಗಾವಿಯಲ್ಲಿದೆ. ವಿದ್ಯೆಗೊಂದು, ನೀರಿಗೊಂದು, ಹೀಗೆ ಎರಡು ಕಡೆ ಒಂದೇ ಹೆಸರು ನಿಂತಿರುವುದು ಅಪರೂಪ. 1977ರಲ್ಲಿ ಪೂರ್ಣಗೊಂಡ ಈ ಜಲಾಶಯದ ಸಾಮರ್ಥ್ಯ ಸುಮಾರು 51 ಟಿ.ಎಂ.ಸಿ.; ನೀರಿನ ಗರಿಷ್ಠ ಮಟ್ಟ 2175 ಅಡಿ. ಸಹ್ಯಾದ್ರಿಯ ಮಳೆ ಚೆನ್ನಾಗಿ ಆದ ವರ್ಷ ಶ್ರಾವಣ, ಭಾದ್ರಪದಗಳಲ್ಲಿ ಜಲಾಶಯ ತುಂಬುತ್ತದೆ. ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ಮಂದಿರವೂ ಮುಳುಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದು ಮತ್ತೆ ಕಾಣುತ್ತದೆ. ಆಗ ಜನ ದರ್ಶನಕ್ಕೆ ಧಾವಿಸುತ್ತಾರೆ. ನಾವು ಹೋದಾಗ ಕಣ್ಣೆಟಕುವವರೆಗೆ ನೀಲಿ ನೀರೊಂದೇ ಇತ್ತು.

ಅತ್ತೆಯವರು ಹೇಳಿದ ಗುಡ್ಡದ ಗುರುತು ಹಿಡಿದು ಹಿನ್ನೀರಿನ ಒಂದು ದಡಕ್ಕೆ ಹೋದೆವು. ಅಲ್ಲಿ ಹರಿಗೋಲನ್ನು ಬೋರಲು ಹಾಕಿ, ಅದರ ನೆರಳಿನಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದ ಅಂಬಿಗರ ಹಿರಿಯನೊಬ್ಬನಿದ್ದ. ಪಕ್ಕದಲ್ಲಿ ಅವನ ಮೊಮ್ಮಗ ಗಾಳ ಹಾಕಿ ಕುಳಿತಿದ್ದ. ಜೋಳದ ದಂಟಿನ ಬೆಂಡನ್ನು ದಾರಕ್ಕೆ ಕಟ್ಟಿ ತೇಲಬಿಟ್ಟಿದ್ದ. ಬೆಂಡು ಅಲುಗಿದರೆ ಮೀನು ಬಾಯಿ ಹಾಕಿತೆಂದು ತಿಳಿಯಬೇಕು. ನಮ್ಮನ್ನು, ಅತ್ತೆಯವರ ಹಣೆಯ ವಿಭೂತಿಯನ್ನು, ಕೈಯಲ್ಲಿನ ಬುತ್ತಿಯನ್ನು ಕಂಡೊಡನೆ ಹಿರಿಯ ಎದ್ದು ಮೀನಿನ ಬುಟ್ಟಿಯನ್ನು ಹರಿಗೋಲಿನ ಆಚೆ ಬದಿಗೆ ಸರಿಸಿ, ಮೇಲೊಂದು ಗೋಣಿ ತಟ್ಟು ಹೊದಿಸಿದ.

ಅತ್ತೆಯವರು ಅದನ್ನು ನೋಡಿದರು. “ಯಾಕಪ್ಪಾ ಮುಚ್ಚತಿ? ನಾವು ಉಣ್ಣಂಗಿಲ್ಲ ಖರೆ. ಅದು ನಿನ್ನ ಕಾಯಕ ಐತಿ. ಕಾಯಕ ಮುಚ್ಚಿಡಬಾರದು” ಎಂದರು.

ಹುಟ್ಟಿದಾಗಿನಿಂದ ಮೀನನ್ನು ಮುಟ್ಟದ ಮನೆತನದ ನಾವು ಈ ಮಾತಿಗೆ ಬೆರಗಾದೆವು. ಕಲ್ಯಾಣದ ಶರಣರ ನಡುವೆ ದೋಣಿ ನಡೆಸುವ ಅಂಬಿಗರ ಚೌಡಯ್ಯನವರಿದ್ದರೆಂದು ನಾವು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಕೇಳಿದ್ದನ್ನು ನೀರಿನ ದಡದಲ್ಲಿ ನಡೆಸಿ ತೋರಿಸಿದವರು ಅಕ್ಷರ ಬಾರದ ಅತ್ತೆಯವರು.

ಸಂಕೋಚ ಕಳೆದ ಮೇಲೆ ಹಿರಿಯ ತನ್ನ ಕಸುಬನ್ನು ವಿವರಿಸಿದ. ಮಳೆಗಾಲದಲ್ಲಿ ಹೊಸ ನೀರು ಕೆಂಪಾಗಿ ಬರುತ್ತದೆ; ಅದು ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ, ಬಲೆಗೆ ವಿರಾಮ. ದಸರೆಯ ಹೊತ್ತಿಗೆ ಮಣ್ಣು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಬಿಸಿಲಿನ ಕಾವು ತಗ್ಗುತ್ತದೆ. ಮಳೆಗಾಲದಲ್ಲಿ ಮೇಯ್ದು ಕೊಬ್ಬಿದ ಮೀನು ನಸುಕಿನಲ್ಲಿಯೂ ಸಂಜೆಯಲ್ಲಿಯೂ ದಡದ ತೆಳು ನೀರಿಗೆ ಬರುತ್ತದೆ. ಆದುದರಿಂದ ಆಶ್ವೀಜ, ಕಾರ್ತಿಕಗಳೇ ಅವನಿಗೆ ಸುಗ್ಗಿ. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವಿನಲ್ಲಿ, ಮೃಗಾಲ ತಳದಲ್ಲಿ ಮೇಯುತ್ತವೆ; ಒಂದರ ತುತ್ತಿಗೆ ಇನ್ನೊಂದು ಅಷ್ಟಾಗಿ ಬಾಯಿ ಹಾಕುವುದಿಲ್ಲ. ಆದರೆ ಇವು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲವಾದ್ದರಿಂದ ಜಲಾಶಯಗಳಿಗೆ ಹೊರಗಿನಿಂದ ಮರಿಗಳನ್ನು ತಂದು ಬಿಡಬೇಕಾಗುತ್ತದೆ. ಇಂಥ ಮೀನುಗಳಿಗೆ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸುವ ವಿದ್ಯೆಯನ್ನು ಹೀರಾಲಾಲ ಚೌಧುರಿ ಎಂಬ ವಿಜ್ಞಾನಿ 1957ರ ಜುಲೈ 10ರಂದು ಸಾಧಿಸಿದರೆಂದೂ, ಆ ದಿನವನ್ನು ಈಗ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆಂದೂ ನಾವು ಓದಿದ್ದನ್ನು ಅವನಿಗೆ ಹೇಳಿದೆವು. “ಹೌದ್ರಿ? ನಮಗೂ ಒಂದ ಹಬ್ಬ ಐತಿ ಅನ್ರಿ!” ಎಂದು ನಕ್ಕ.

ಅಷ್ಟರಲ್ಲಿ ಹುಡುಗನ ಬೆಂಡು ಮುಳುಗಿತು. ಮೇಲೆ ಬಂದುದು ಅಂಗೈಯಗಲದ ತಿಲಾಪಿಯಾ. ಆಫ್ರಿಕದ ಈ ಮೀನು 1952ರಲ್ಲಿ ನಮ್ಮ ದೇಶಕ್ಕೆ ಬಂದು, ಈಗ ನಾಡಿನ ಕೆರೆ ಹೊಳೆಗಳಲ್ಲೆಲ್ಲ ಹಬ್ಬಿ ಇಲ್ಲಿನ ಮೀನುಗಳಿಗೆ ಪೈಪೋಟಿಯಾಗಿದೆ. ಇದರ ತಾಯಿ ಮೊಟ್ಟೆಗಳನ್ನು ಬಾಯಲ್ಲಿಯೇ ಇಟ್ಟುಕೊಂಡು ಮರಿ ಮಾಡುತ್ತದೆ. ಅಪಾಯ ಕಂಡರೆ ಮರಿಗಳು ಮತ್ತೆ ತಾಯಿಯ ಬಾಯಿಯೊಳಗೆ ಸೇರುತ್ತವೆ. ಇದನ್ನು ಕೇಳಿದ ಅತ್ತೆಯವರು, “ಹಂಗಾರ ಅದೂ ತಾಯೇನ” ಎಂದು ಸುಮ್ಮನಾದರು. ಹುಡುಗ ಒಮ್ಮೆ ಅಜ್ಜನ ಮುಖ ನೋಡಿ ಮೀನನ್ನು ಬುಟ್ಟಿಗೆ ಹಾಕಿದ. ಅದು ಅವರ ಅಂದಿನ ಊಟ. ಅತ್ತೆಯವರೂ ಏನೂ ಅನ್ನಲಿಲ್ಲ.

ಆಮೇಲೆ ನಡೆದ ಮಾತುಕತೆಯನ್ನು ನಾವು ಮರೆಯಲಾರೆವು. ಅತ್ತೆಯವರು ತಮ್ಮ ಊರಿನ ಹೆಸರು ಹೇಳಿದರು. ಹಿರಿಯ ನೀರಿನ ನಡುವೆ ಬೆರಳು ತೋರಿದ. “ಆ ಗುಡ್ಡದ ನೆಟ್ಟಗ ಬಂದರ ಅಲ್ಲೇ ಐತ್ರಿ ಯವ್ವಾ. ಅಲ್ಲಿ ಗ್ವಾಡಿ ಕಲ್ಲ ಅದಾವು. ಬಲಿ ಹರೀತಾವು. ಆದರ ಮೀನ ಸೇರೂದು ಅಲ್ಲೇ.” ಮುಳುಗಿದ ಗೋಡೆ, ಮರದ ಬೊಡ್ಡೆಗಳ ಸಂದಿಯಲ್ಲಿ ಮೀನಿಗೆ ಆಸರೆ ಸಿಗುತ್ತದಂತೆ. ಬಲೆ ಹರಿದ ಕಡೆಯೆಲ್ಲ ಅವನಿಗೆ ಗುರುತು. ಅತ್ತೆಯವರು ಕೇಳಿದರು: “ಊರ ಮೂಡಲಕ್ಕ ಒಂದು ಭಾವಿ ಇತ್ತು, ಕಲ್ಲ ಕಟ್ಟಿದ್ದು.” ಅವನು ತಟ್ಟನೆ, “ಐತ್ರಿ. ಅಲ್ಲಿ ಗುಂಡ ಕಟ್ಟಿದ ಹಗ್ಗ ಒಮ್ಮೆಲೆ ಆಳಕ್ಕ ಹೋಗತೈತಿ” ಎಂದ. ಅತ್ತೆಯವರ ಕಣ್ಣು ತುಂಬಿದವು. “ಆ ಭಾವಿ ದಂಡೀಗೇ ನಮ್ಮ ಹೊಲ” ಎಂದರು.

ಒಬ್ಬರು ಆ ಊರನ್ನು ಬಿಸಿಲಿನಲ್ಲಿ ನಡೆದು ಬಲ್ಲವರು. ಇನ್ನೊಬ್ಬನು ಅದನ್ನು ಕಣ್ಣಾರೆ ಕಾಣದೆ ಹಗ್ಗದ ತುದಿಯಿಂದ ಬಲ್ಲವನು. ಇಬ್ಬರೂ ಸೇರಿ ಅರ್ಧ ತಾಸಿನಲ್ಲಿ ಓಣಿ ಓಣಿಯಾಗಿ ಊರನ್ನು ಗುರುತಿಸಿದರು. ನಾವು ಕೇಳುತ್ತ ಕುಳಿತೆವು.

ಹುಣ್ಣಿಮೆಯ ಬೆಳಕಿನಲ್ಲಿ ಮೀನಿಗೆ ಬಲೆ ಕಾಣುತ್ತದೆ, ಬೀಳುವುದು ಕಡಿಮೆ. ಆದುದರಿಂದ ಅಂದು ತನಗೆ ಅವಸರವಿಲ್ಲವೆಂದು ಹಿರಿಯ ಹೇಳಿದ. ಅತ್ತೆಯವರನ್ನು ಆ ವಯಸ್ಸಿನಲ್ಲಿ ಹರಿಗೋಲು ಹತ್ತಿಸುವುದು ಕ್ಷೇಮವಲ್ಲವೆಂದು ಅವನೇ ತಡೆದ. ದಡದಲ್ಲಿಯೇ ಐದು ಕಲ್ಲಿಟ್ಟು ಪೂಜೆ ಮಾಡಿ, ಎಡೆ ಹಿಡಿದು, ಚರಗದ ಪಾತ್ರೆಯನ್ನು ಅವನ ಕೈಗೆ ಕೊಟ್ಟೆವು. ಅವನು ಕೈಕಾಲು ತೊಳೆದು, ಹರಿಗೋಲಿಗೆ ಮೂರು ಬಾರಿ ನೀರು ಚಿಮುಕಿಸಿ, ಒಬ್ಬನೇ ಹುಟ್ಟು ಹಾಕುತ್ತ ಹೋದ. ಭಾವಿಯ ನೇರಕ್ಕೆ ಬಂದಾಗ ಕೈಯೆತ್ತಿ ಸನ್ನೆ ಮಾಡಿದ. ಅತ್ತೆಯವರು ದಡದಲ್ಲಿ ಕೈ ಮುಗಿದು ನಿಂತರು. ಅವನು ನಾಲ್ಕು ದಿಕ್ಕಿಗೂ ಚರಗ ಚೆಲ್ಲಿದ. ತಿರುಗಿ ಬಂದಾಗ, “ಎಲ್ಲಾ ಮೀನ ಉಂಡ್ವು ನೋಡ್ರಿ” ಎಂದ. “ಉಣ್ಣಲಿ. ಹೊಲದಾಗ ಹಕ್ಕಿ ಉಣ್ಣತಿದ್ದುವು, ಈಗ ಮೀನ ಉಂಡುವು” ಎಂದರು ಅತ್ತೆಯವರು.

ಬುತ್ತಿಯನ್ನು ಎಲ್ಲರೂ ಒಟ್ಟಿಗೆ ಕುಳಿತು ಉಂಡೆವು. ಅಜ್ಜ ಮೊಮ್ಮಗನಿಗೂ ಅತ್ತೆಯವರೇ ಹೋಳಿಗೆ ಬಡಿಸಿದರು.

ಹಿಡಕಲ್ಲಿಗೆ ಹೋಗುವ ಕುಟುಂಬಗಳು ದಸರೆಯಿಂದ ದೀಪಾವಳಿಯ ನಡುವೆ ಹೋದರೆ ತುಂಬಿದ ಜಲಾಶಯವನ್ನು ಕಾಣಬಹುದು. ಮಕ್ಕಳನ್ನು ಹಿನ್ನೀರಿಗೆ ಇಳಿಯಗೊಡಬಾರದು. ಮುಳುಗಿದ ಗುಂಡಿಗಳು ಮೇಲೆ ಕಾಣುವುದಿಲ್ಲ. ಇಷ್ಟು ಎಚ್ಚರಿಕೆಯೊಡನೆ ಇನ್ನೊಂದು ಮಾತು. ಕಾಲುವೆಯ ನೀರು ಹೊಲಕ್ಕೆ ಬಂದಾಗ ನಾವು ಸರದಿಗಾಗಿ ಜಗಳಾಡುತ್ತೇವೆ. ಆ ನೀರಿಗಾಗಿ ಯಾರೋ ತಮ್ಮ ಭಾವಿ ಬಿಟ್ಟುಕೊಟ್ಟರೆಂಬುದನ್ನು ನೆನೆಯುವುದಿಲ್ಲ. ಈ ವರ್ಷ ನಮ್ಮ ಸರದಿಯ ನೀರು ಬಂದ ರಾತ್ರಿ ಅತ್ತೆಯವರು ಕಂದೀಲು ಹಿಡಿದು ಬದುವಿನವರೆಗೆ ಬಂದರು. ಬಾಗಿ ಒಂದು ಬೊಗಸೆ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು, “ನಮ್ಮೂರಿಂದ ಬಂದೈತಿ” ಎಂದರು.