ಟಕ್ ಎನ್ನುವ ಸದ್ದು

ಇವತ್ತು ಬೆಳಿಗ್ಗೆ ಆಟಿಕೆ ಬಂಡಿಯ ಪಕ್ಕದ ಹಲಗೆ ತಳದ ಕಚ್ಚಿನೊಳಗೆ ಟಕ್ ಎಂದು ಕೂತಿತು. ಅಂಟಿಲ್ಲ, ಮೊಳೆಯಿಲ್ಲ. ತಲೆಕೆಳಗು ಮಾಡಿ ಅಲ್ಲಾಡಿಸಿದರೂ ಬಿಡಲಿಲ್ಲ. ಈ ಸದ್ದಿಗಾಗಿ ನಾಲ್ಕು ತಳ ಕತ್ತರಿಸಿದ್ದೆ.

ಅಂಗಡಿಯಲ್ಲಿ 3 ಮಿ.ಮೀ. ಎಂದು ಕೊಟ್ಟ ಪ್ಲೈವುಡ್ ವರ್ನಿಯರ್ ಬಾಯಿಗೆ ಸಿಕ್ಕರೆ 2.7. ಪರದೆಯ ಮೇಲೆ 3 ಎಂದೇ ಕಚ್ಚು ಬರೆದಿರೋ, ಲೇಸರ್ ತಾನು ಸುಟ್ಟ 0.15 ಅನ್ನೂ ಸೇರಿಸಿ 3.15ರ ಬಾಯಿ ತೆರೆಯುತ್ತದೆ. ಹಲಗೆ ಗಡಗಡ. ಹಾಗಾಗಿ ಹೊಸ ಹಾಳೆ ಬಂದಾಗಲೆಲ್ಲ ಮೊದಲು ಅದರ ಮೂಲೆಯಲ್ಲೊಂದು ಬಾಚಣಿಗೆ ಕತ್ತರಿಸುತ್ತೇನೆ: 2.35ರಿಂದ 2.80ರವರೆಗೆ, 0.05ರ ಅಂತರದಲ್ಲಿ ಹತ್ತು ಕಚ್ಚು. ಅದೇ ಹಾಳೆಯ ಚೂರನ್ನು ಒಂದೊಂದಕ್ಕೂ ತೂರಿಸಿ ನೋಡಬೇಕು. ಹೆಬ್ಬೆರಳಿಂದ ಒತ್ತಿದರಷ್ಟೇ ಇಳಿಯುವುದು ಯಾವುದೋ ಅದೇ ಅಳತೆ. ಈ ಹಾಳೆಗೆ 2.50. ಕ್ಯಾಡ್‌ನಲ್ಲಿ ಕಚ್ಚಿನ ಅಗಲಕ್ಕೆ ಒಂದು ಹೆಸರಿಟ್ಟಿದ್ದೇನೆ. ಆ ಒಂದು ಅಂಕಿ ತಿದ್ದಿದರೆ ಬಂಡಿಯ ಅಷ್ಟೂ ಕಚ್ಚು ಒಟ್ಟಿಗೆ ಸರಿಹೋಗುತ್ತವೆ. ಮಳೆಗಾಲದಲ್ಲಿ ಹಲಗೆ ತೇವ ಹೀರಿ ಉಬ್ಬಿದರೆ ಮತ್ತೆ ಬಾಚಣಿಗೆ.

ಇಷ್ಟು ಮಾಡಲು ಹತ್ತು ನಿಮಿಷ ಸಾಕು. ಆದರೂ 'ಸಡಿಲವಾದರೇನು, ಅಂಟು ಹಾಕಿದರಾಯಿತು' ಎನ್ನುವವರಿದ್ದಾರೆ. ದೊಡ್ಡವರು ಹಾಗಂದರೆ ವಾದ ಮಾಡಿ ಸುಮ್ಮನಾಗುತ್ತೇನೆ. ಒಂದು ರಜಾ ಶಿಬಿರದಲ್ಲಿ ಮಕ್ಕಳ ಕೈಗೆ ಯಾರೋ ಬರೆದ ಸಿದ್ಧ ಫೈಲು, ಜೊತೆಗೊಂದು ಅಂಟಿನ ಬಾಟಲಿ ಕೊಟ್ಟದ್ದನ್ನು ನೋಡಿದಾಗ ಸಿಟ್ಟು ತಡೆಯಲಾಗಲಿಲ್ಲ. ಒಂದು ಮಗುವೂ ಹಲಗೆಯ ದಪ್ಪ ಅಳೆಯಲಿಲ್ಲ. ಏಕೆ ಸಡಿಲವಾಯಿತೆಂದು ಕೇಳುವ ಮೊದಲೇ ಅಂಟು ಒಣಗಿತ್ತು. ಕಲಿಯಬೇಕಾದದ್ದೆಲ್ಲ ಆ ಅರ್ಧ ಮಿಲಿಮೀಟರಿನಲ್ಲೇ ಇತ್ತಲ್ಲ!

ಬಂಡಿಯ ಗಾಲಿಗೆ ಚನ್ನಪಟ್ಟಣಕ್ಕೇ ಹೋದೆ. ಲೇಸರ್ ಕತ್ತರಿಸುವ ಗಾಲಿ ಬಿಲ್ಲೆಯಂತೆ ಚಪ್ಪಟೆ. ಅಂಚಿನ ಆ ಉರುಟು ಲೇತ್‌ನಲ್ಲೇ ಬರಬೇಕು. ಅಲ್ಲಿನ ಕುಶಲಕರ್ಮಿಯೊಬ್ಬರು ತಿರುಗುವ ಆಲೆ ಮರಕ್ಕೆ ಬಣ್ಣದ ಅರಗನ್ನು ಒತ್ತಿ ಹಿಡಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿತು. ಮೇಲೆ ತಾಳೆಗರಿ ಆಡಿಸಿದರೆ ಕನ್ನಡಿಯಂಥ ಹೊಳಪು. ತೂತಿನ ಅಳತೆಯನ್ನು ದಶಾಂಶ ಸಮೇತ ಬರೆದು ಒಯ್ದಿದ್ದೆ. ಅವರು ಚೀಟಿ ಮಡಚಿ ವಾಪಸು ಕೊಟ್ಟರು.

"ನಂಬರ್ ಬೇಡ ಸಾರ್, ಇರಸಿನ ಕಡ್ಡಿ ಕೊಡಿ."

ಕೊರೆದರು. ಕಡ್ಡಿ ತೂರಿಸಿದರು. ಕೂದಲೆಳೆಯಷ್ಟು ಹಿಗ್ಗಿಸಿ ಮತ್ತೆ ತೂರಿಸಿದರು. ಆಮೇಲೆ ಗಾಲಿಯನ್ನು ಬೆರಳಲ್ಲಿ ತಿರುಗಿಸಿ, ಕಿವಿಯ ಹತ್ತಿರ ಹಿಡಿದರು.