ಮಹಾಪುರುಷನ ಮುಂದೆ ಒಬ್ಬ ವಕೀಲ

ರೈಲಿನಲ್ಲಿ ಪಯಣಿಸುತ್ತಿರುವ ಬಿರಿಂಚಿ ಬಾಬಾ ಸೂರ್ಯನಿಗೆ ಏಳೆಂದು ಅಪ್ಪಣೆ ಕೊಡುತ್ತಾನೆ, ಸೂರ್ಯನು ಏಳುತ್ತಾನೆ! ಪತ್ನೀವಿಯೋಗದಿಂದ ಕುಗ್ಗಿದ್ದ ವಕೀಲ ಗುರುಪದ ಮಿತ್ರರು ಅವನಿಗೆ ಶರಣಾಗುತ್ತಾರೆ.

ಪರಶುರಾಮರೆಂಬ ಕಾವ್ಯನಾಮದ ರಾಜಶೇಖರ ಬಸು ಅವರ ಕಥೆಯನ್ನಾಧರಿಸಿ ಸತ್ಯಜಿತ್ ರೇ ನಿರ್ದೇಶಿಸಿದ 'ಮಹಾಪುರುಷ' 1965ರಲ್ಲಿ 'ಕಾಪುರುಷ'ದೊಡನೆ ಜೋಡಿಯಾಗಿ ತೆರೆಕಂಡಿತು. ವಿಮರ್ಶಕರ ಗಮನವೆಲ್ಲ 'ಕಾಪುರುಷ'ದತ್ತ ಹರಿಯಿತು. ವೆನಿಸ್ ಚಿತ್ರೋತ್ಸವದ ಸ್ಪರ್ಧೆಗೆ ಹೋದುದೂ ಅದೇ. 'ಮಹಾಪುರುಷ'ವನ್ನು ರೇ ಅವರ ಸಣ್ಣ ಕೃತಿಗಳ ಸಾಲಿಗೆ ಸೇರಿಸಿದವರೇ ಹೆಚ್ಚು.

ಬಾಬಾನ ಮಟ್ಟಿಗೆ ಈ ತೀರ್ಪು ಒಪ್ಪತಕ್ಕದ್ದೇ. ಪ್ಲೇಟೋನೊಡನೆ ವಾದಿಸಿದೆನೆನ್ನುವ, ಐನ್‌ಸ್ಟೀನನಿಗೆ ಪಾಠ ಹೇಳಿದೆನೆನ್ನುವ, ಎರಡು ತೋರುಬೆರಳುಗಳನ್ನು ಎದುರುಬದುರಾಗಿ ತಿರುಗಿಸಿ ಭೂತ-ಭವಿಷ್ಯಗಳನ್ನು ತೋರಿಸುವ ಆತನಲ್ಲಿ ನಗೆಯ ಹೊರತು ಬೇರೇನೂ ಇಲ್ಲ. ಆದರೆ ಗುರುಪದರ ಮಾತೇ ಬೇರೆ. ನ್ಯಾಯಾಲಯದಲ್ಲಿ ಸಾಕ್ಷಿಗಳನ್ನು ಪ್ರಶ್ನಿಸುವುದೇ ಅವರ ವೃತ್ತಿ. ಈ ಸಾಕ್ಷಿಯನ್ನು ಮಾತ್ರ ಅವರು ಪಾಟೀಸವಾಲಿಗೆ ಒಳಪಡಿಸುವುದಿಲ್ಲ. ದಡ್ಡತನದಿಂದಲ್ಲ, ದುಃಖದಿಂದ. ಮಗಳು ಬೂಚ್ಕಿಯೂ ತಂದೆಯ ಹಿಂದೆಯೇ ದೀಕ್ಷೆಗೆ ಸಿದ್ಧಳಾಗುತ್ತಾಳೆ.

ಕೊನೆಗೆ ಬೆಂಕಿಯ ಕೂಗೆದ್ದಾಗ ಮಹಾಪುರುಷನು ಪ್ರಾಣಭಯದಿಂದ ಓಡುತ್ತಾನೆ, ಪ್ರೇಕ್ಷಕರು ನಗುತ್ತಾರೆ. ಪತ್ನಿಯಿಲ್ಲದ ಮನೆಯಲ್ಲಿ ಗುರುಪದರು ಮರುದಿನ ಬೆಳಿಗ್ಗೆ ಏನು ಮಾಡಿಯಾರು?